ಹ್ಯೂಯೆನ್ ತ್ಸಾಂಗ್: ಬಂಡೆಯ ಬುದ್ಧನಿಗೆ ಅಕ್ಷರದ ಸಾಕ್ಷಿ

ಅಫ್ಘಾನಿಸ್ತಾನದ ಬಾಮಿಯಾನ್ ಕಣಿವೆಯ ಬಂಡೆಯಲ್ಲಿ ಕಡೆದಿದ್ದ ಎರಡು ಬೃಹತ್ ಬುದ್ಧಮೂರ್ತಿಗಳು 2001ರ ಮಾರ್ಚ್‌ನಲ್ಲಿ ತಾಲಿಬಾನ್ ನಡೆಸಿದ ಸ್ಫೋಟಕ್ಕೆ ನುಚ್ಚುನೂರಾದವು. ಆದರೆ ಅವು ವೈಭವದಿಂದ ಬೆಳಗುತ್ತಿದ್ದ ಕಾಲದಲ್ಲಿ ಹೇಗಿದ್ದವು ಎಂಬುದಕ್ಕೆ ಬರಹವೊಂದು ಸಾಕ್ಷಿಯಾಗಿ ಉಳಿದಿದೆ. ಅದನ್ನು ಬಿಟ್ಟುಹೋದವನು ಚೀನಾದ ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್. ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಯಾತ್ರಿಕನೆಂದು ಕನ್ನಡಿಗರಿಗೆ ಆತ ಶಾಲಾ ದಿನಗಳಿಂದಲೇ ಪರಿಚಿತ.

ಹ್ಯೂಯೆನ್ ತ್ಸಾಂಗ್ ಜನಿಸಿದ್ದು ಕ್ರಿ.ಶ. 602ರ ಸುಮಾರಿಗೆ, ಲುವೋಯಾಂಗ್ ನಗರದ ಸಮೀಪ. ಅಣ್ಣನ ಹಾದಿಯಲ್ಲೇ ನಡೆದು ಎಳೆಯ ವಯಸ್ಸಿನಲ್ಲಿ ಸಂಘ ಸೇರಿದ ಆತನನ್ನು ಒಂದು ಸಂಶಯ ಕಾಡತೊಡಗಿತು. ಚೀನೀ ಭಾಷೆಯಲ್ಲಿದ್ದ ಧರ್ಮಗ್ರಂಥಗಳ ಅನುವಾದಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಮೂಲ ಗ್ರಂಥಗಳನ್ನು ಅರಸಿ ಭಾರತಕ್ಕೆ ಹೋಗುವುದೊಂದೇ ಆತನಿಗೆ ಕಂಡ ದಾರಿ. ಆದರೆ ಗಡಿ ದಾಟುವುದಕ್ಕೆ ರಾಜಾಜ್ಞೆಯ ನಿಷೇಧವಿತ್ತು. 629ರ ಸುಮಾರಿಗೆ ಆತ ಗುಟ್ಟಾಗಿ ಹೊರಟ. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಬಿದ್ದು, ಹಲವು ದಿನ ಹನಿ ನೀರಿಲ್ಲದೆ ಸಾವಿನಂಚಿಗೆ ತಲುಪಿದರೂ ಹಿಂದಿರುಗಲಿಲ್ಲ.

ಮಧ್ಯ ಏಷ್ಯಾವನ್ನು ಹಾದು ಬಾಮಿಯಾನ್ ತಲುಪಿದಾಗ ಆತ ಕಂಡದ್ದು ಚಿನ್ನದ ಕಾಂತಿಯಿಂದ ಹೊಳೆಯುತ್ತಿದ್ದ ಬುದ್ಧನನ್ನು. ಎರಡನೆಯ ಮೂರ್ತಿಯನ್ನು ಲೋಹದ್ದೆಂದೇ ಆತ ಬರೆದ. ವಾಸ್ತವದಲ್ಲಿ ಎರಡೂ ಬಂಡೆಯಲ್ಲೇ ಕಡೆದವು; ಒಂದರ ಎತ್ತರ 55 ಮೀಟರ್, ಇನ್ನೊಂದರದು 38 ಮೀಟರ್. ಆ ದಿನಗಳಲ್ಲಿ ಅವುಗಳ ಮೇಲಿದ್ದ ಲೇಪನ ಎಷ್ಟು ಉಜ್ವಲವಾಗಿತ್ತೆಂಬುದನ್ನು ಈ ತಪ್ಪೇ ಸೂಚಿಸುತ್ತದೆ.

ಭಾರತದಲ್ಲಿ ನಾಲಂದಾದ ಆಚಾರ್ಯ ಶೀಲಭದ್ರರ ಶಿಷ್ಯನಾಗಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಬಳಿಕ ಆತ ದಕ್ಷಿಣಕ್ಕೆ ಹೊರಟು, ಕಂಚಿಯವರೆಗೂ ಸಾಗಿದ. 641ರ ಸುಮಾರಿಗೆ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಮಹಾರಾಷ್ಟ್ರಕ್ಕೆ ಬಂದ. ಆ ನಾಡಿನ ಪೂರ್ವ ಗಡಿಯ ಬೆಟ್ಟಸಾಲಿನಲ್ಲಿ, ಕತ್ತಲು ಕವಿದ ಕಣಿವೆಯಲ್ಲಿ ಇದ್ದ ವಿಹಾರವೊಂದನ್ನು ಆತನ ಗ್ರಂಥ ವರ್ಣಿಸುತ್ತದೆ. ಅದನ್ನು ಕಟ್ಟಿಸಿದವನು ಅಚಲನೆಂಬ ಅರ್ಹಂತನೆಂದೂ, ದ್ವಾರದಲ್ಲಿ ಕಲ್ಲಿನ ಆನೆಗಳಿದ್ದವೆಂದೂ ಹೇಳುತ್ತದೆ. ಇದು ಅಜಂತಾ ಎಂಬುದು ವಿದ್ವಾಂಸರ ಅಭಿಪ್ರಾಯ. ಅಲ್ಲಿನ 26ನೇ ಗುಹೆಯ ಶಾಸನದಲ್ಲಿ ಅಚಲ ಎಂಬ ಸ್ಥವಿರನ ಹೆಸರಿದೆ; 16ನೇ ಗುಹೆಗೆ ಏರುವ ದ್ವಾರದಲ್ಲಿ ಕಲ್ಲಾನೆಗಳಿವೆ. ಆತ ಸ್ವತಃ ಅಲ್ಲಿಗೆ ಹೋಗಿದ್ದನೇ ಅಥವಾ ಕೇಳಿದ್ದನ್ನು ಬರೆದನೇ ಎಂಬ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿದೆ.

ಕನ್ನಡ ನಾಡಿಗೆ ಆತನ ಋಣ ಬೇರೊಂದು ಬಗೆಯದು. ಉತ್ತರಾಪಥದ ಹರ್ಷವರ್ಧನ ಪುಲಕೇಶಿಯನ್ನು ಜಯಿಸಲಾಗಲಿಲ್ಲವೆಂದು ಆತ ಸ್ಪಷ್ಟವಾಗಿ ದಾಖಲಿಸಿದ. ಅದೇ ಹರ್ಷ 643ರಲ್ಲಿ ಕನೌಜಿನ ಮಹಾಸಭೆಯಲ್ಲಿ ಆತನನ್ನು ಸನ್ಮಾನಿಸಿದ್ದ. ಆದರೂ ಗ್ರಂಥ ಸಿದ್ಧವಾದಾಗ ಆಶ್ರಯದಾತನ ಹಿನ್ನಡೆಯನ್ನು ಆತ ಮರೆಮಾಚಲಿಲ್ಲ. ಐಹೊಳೆಯ ಮೇಗುತಿ ಬಸದಿಯಲ್ಲಿರುವ, 634ರಲ್ಲಿ ರವಿಕೀರ್ತಿ ರಚಿಸಿದ ಶಾಸನ ಹೇಳುವುದೂ ಇದನ್ನೇ. ಆಸ್ಥಾನ ಕವಿಯ ಹೊಗಳಿಕೆಗೆ ಪರದೇಶಿ ಭಿಕ್ಷುವಿನ ಬರಹ ಪುರಾವೆಯಾಯಿತು. ಅದೇ ಬೆಟ್ಟದ ಇಳಿಜಾರಿನಲ್ಲಿ, ಅರ್ಧ ಬಂಡೆಯಲ್ಲೇ ಕೊರೆದ ಎರಡಂತಸ್ತಿನ ಬೌದ್ಧ ಗುಡಿಯೊಂದು ಇಂದಿಗೂ ಇದೆ.

645ರಲ್ಲಿ 657 ಗ್ರಂಥಗಳೊಂದಿಗೆ ಹ್ಯೂಯೆನ್ ತ್ಸಾಂಗ್ ಚೀನಾದ ರಾಜಧಾನಿ ಚಾಂಗಾನ್‌ಗೆ ಮರಳಿದ. ಆಜ್ಞೆ ಮೀರಿ ಹೋದವನನ್ನು ಚಕ್ರವರ್ತಿ ತಾಯ್‌ಝಾಂಗ್ ಗೌರವದಿಂದ ಬರಮಾಡಿಕೊಂಡ. ಮರುವರ್ಷವೇ ಪ್ರವಾಸಗ್ರಂಥ ಸಿದ್ಧವಾಯಿತು. ಮುಂದಿನ ಬದುಕನ್ನೆಲ್ಲ ಅನುವಾದಕ್ಕೆ ಮುಡಿಪಾಗಿಟ್ಟು, 75 ಕೃತಿಗಳನ್ನು ಚೀನೀ ಭಾಷೆಗೆ ತಂದು, 664ರಲ್ಲಿ ಆತ ನಿಧನ ಹೊಂದಿದ.

ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ನಂತರ, 1861ರಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ ಸಮೀಕ್ಷೆಗೆ ಹೊರಟಾಗ ಇದೇ ಗ್ರಂಥ ಮಾರ್ಗದರ್ಶಿಯಾಯಿತು. ಮಣ್ಣಿನಡಿ ಹೂತುಹೋಗಿದ್ದ ನಾಲಂದಾ ಗುರುತು ಸಿಕ್ಕಿದ್ದು ಅದರ ನೆರವಿನಿಂದಲೇ. ಧರ್ಮಗ್ರಂಥಗಳಿಗಾಗಿ ಬಂದವನು ದಾರಿಯಲ್ಲಿ ಕಂಡು ಕೇಳಿದ್ದನ್ನೂ ಬರೆದಿಟ್ಟ ಕಾರಣ, ನಾವು ಮರೆತಿದ್ದ ನಮ್ಮ ಊರುಗಳೇ ನಮಗೆ ಮರಳಿ ದೊರೆತವು.