ಓಟಿನ ಜೊತೆಗೆ ನೋಟನ್ನೂ ಪಡೆದ ನಾಯಕ: ಶಾಂತವೇರಿ ಗೋಪಾಲಗೌಡರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದರು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಕಂಪ್ಯೂಟರಿನ ಬಗ್ಗೆ ಬರೆಯುವುದು ಸುಲಭವಿತ್ತು. ಆದರೆ ಈ ಶಾಲೆಯಲ್ಲಿ ಓದಿದ ನಮ್ಮಲ್ಲಿ ಬಹಳ ಮಂದಿ ಗೇಣಿ ಒಕ್ಕಲುಗಳ ಮಕ್ಕಳು, ಮೊಮ್ಮಕ್ಕಳು. ನಾವು ಹೈಸ್ಕೂಲಿನ ಮೆಟ್ಟಿಲು ಹತ್ತುವುದಕ್ಕೆ ಯಾರೆಲ್ಲ ಕಾರಣರು ಎಂದು ಯೋಚಿಸಿದಾಗ ಮೊದಲು ನೆನಪಾದವರು ಶಾಂತವೇರಿ ಗೋಪಾಲಗೌಡರು.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಅವರದು ಶ್ರೀಮಂತ ಮನೆತನವಲ್ಲ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಕಂಡರು. ಮುಂದೆ ಸಮಾಜವಾದಿ ಪಕ್ಷ ಸೇರಿ ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಗಳನ್ನು ಮಲೆನಾಡಿನ ಹಳ್ಳಿಹಳ್ಳಿಗೆ ಕೊಂಡೊಯ್ದರು.

ಆಗಿನ ಮಲೆನಾಡಿನಲ್ಲಿ ಗದ್ದೆ ಉಳುವವನು ಒಬ್ಬ, ಗದ್ದೆಯ ಒಡೆಯ ಇನ್ನೊಬ್ಬ. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಗೇಣಿಯಾಗಿ ಒಡೆಯರ ಮನೆಗೆ ಹೋಗುತ್ತಿತ್ತು. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೇ ಜಗಳಕ್ಕೆ ಕಾರಣವಾಯಿತು. ಅಳತೆ ಸರಿಯಾಗಿರಲಿ ಎಂದು ಕೇಳಿದ ರೈತರಿಗೆ ಗದ್ದೆಗೆ ಇಳಿಯದಂತೆ ತಡೆ ಬಂತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ನೇತೃತ್ವದಲ್ಲಿ 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ಗದ್ದೆಗಿಳಿದು ಬಂಧನಕ್ಕೊಳಗಾದರು. ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತರು. ಅದೇ ಜೂನ್‌ನಲ್ಲಿ ಸ್ವತಃ ಲೋಹಿಯಾ ಅವರು ಕಾಗೋಡಿಗೆ ಬಂದು ಬಂಧಿತರಾದ ಮೇಲೆ ಈ ಪುಟ್ಟ ಊರಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು, ಗೋಪಾಲಗೌಡರು ಒಕ್ಕಲಿಗರು. ಜಾತಿ ನೋಡಿ ಜೊತೆಗೆ ನಿಲ್ಲುವ ಲೆಕ್ಕ ಅವರಲ್ಲಿರಲಿಲ್ಲ.

ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು. ಒಡೆಯನ ಓಟಿಗೂ ಒಕ್ಕಲಿನ ಓಟಿಗೂ ಒಂದೇ ಬೆಲೆ. ಆ ಪೆಟ್ಟಿಗೆಯಲ್ಲಿ ಕೊಳಗದ ಮೋಸ ನಡೆಯುವಂತಿರಲಿಲ್ಲ. ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೋಪಾಲಗೌಡರು ಕಾಂಗ್ರೆಸ್ಸಿನ ಪ್ರಭಾವಿ ನಾಯಕ ಎ. ಆರ್. ಬದರಿನಾರಾಯಣ ಅವರ ಎದುರು ನಿಂತರು. ಕೈಯಲ್ಲಿ ಹಣವಿಲ್ಲ. ಜನರ ಬಳಿ ಒಂದು ಓಟಿನ ಜೊತೆ ಖರ್ಚಿಗೆಂದು ಒಂದು ನೋಟನ್ನೂ ಕೇಳಿದರು. ಬಡ ರೈತರು ಎರಡನ್ನೂ ಕೊಟ್ಟು ಗೆಲ್ಲಿಸಿದರು. 99 ಸ್ಥಾನಗಳ ಅಂದಿನ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ 74 ಗೆದ್ದಿದ್ದರೆ, ಸಮಾಜವಾದಿಗಳು ಗೆದ್ದದ್ದು ಕೇವಲ 3. ಅವರಲ್ಲೊಬ್ಬರು ಇನ್ನೂ ಮೂವತ್ತು ತುಂಬದ ಈ ಯುವಕ.

ಸಂಖ್ಯೆ ಕಡಿಮೆಯೆಂದು ಅವರ ದನಿ ತಗ್ಗಲಿಲ್ಲ. ಗೇಣಿದಾರರ ಹಕ್ಕು, ಕರ್ನಾಟಕದ ಏಕೀಕರಣ, ಆಡಳಿತದಲ್ಲಿ ಕನ್ನಡ, ಇವುಗಳಿಗಾಗಿ ಸದನದ ಒಳಗೂ ಹೊರಗೂ ಹೋರಾಡಿದರು. 1957ರ ಚುನಾವಣೆಯಲ್ಲಿ ಸೋತರು. ಸೋತರೆಂದು ಪಕ್ಷ ಬಿಡಲಿಲ್ಲ, ಜನರನ್ನು ದೂರಲಿಲ್ಲ, ಮತ್ತೆ ಹಳ್ಳಿಗಳಿಗೇ ಹೋದರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿ ಕ್ಷೇತ್ರದಿಂದ ಗೆದ್ದು ಬಂದರು. ಒಮ್ಮೆಯೂ ಮಂತ್ರಿಯಾಗಲಿಲ್ಲ. ಆದರೆ ಅವರ ಒಡನಾಟದಲ್ಲಿ ಬೆಳೆದ ಎಸ್. ಬಂಗಾರಪ್ಪ, ಜೆ. ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು. ಸಾಹಿತಿಗಳ ಸ್ನೇಹವೂ ಅವರಿಗೆ ದೊಡ್ಡದಿತ್ತು. ಯು. ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನಲ್ಲಿ ಓದುಗರು ಗೋಪಾಲಗೌಡರ ಛಾಯೆಯನ್ನು ಕಂಡಿದ್ದಾರೆ.

ಕಾಯಿಲೆಯಿಂದ ಬಳಲಿ 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ 49 ವರ್ಷ. ಮರುವರ್ಷ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಬದುಕಿನುದ್ದಕ್ಕೂ ಕೇಳಿದ ಇವೆರಡನ್ನೂ ನೋಡಲು ಅವರೇ ಇರಲಿಲ್ಲ.

ನನ್ನಜ್ಜ ಡಿಕ್ಲರೇಷನ್ ಕೊಟ್ಟು, ಭೂ ನ್ಯಾಯಮಂಡಳಿಗೆ ಅಲೆದು, ಎರಡೆಕರೆ ಗದ್ದೆಗೆ ಹಕ್ಕುದಾರರಾದರು. ಗೇಣಿಗೆ ಹೋಗುತ್ತಿದ್ದ ಭತ್ತ ಮನೆಯ ಕಣಜದಲ್ಲಿ ಉಳಿಯಿತು. ಏಳನೇ ತರಗತಿಗೆ ಶಾಲೆ ಬಿಟ್ಟು ದನ ಕಾಯಬೇಕಿದ್ದ ಅಪ್ಪ ಹೈಸ್ಕೂಲಿಗೆ ಬಂದರು. ಅಪ್ಪ ಓದಿದ್ದರಿಂದ ನಾನು ಇಂಜಿನಿಯರ್ ಆದೆ. ಇದು ನಮ್ಮೊಬ್ಬರ ಮನೆಯ ಕತೆಯಲ್ಲ; ಈ ಸಂಚಿಕೆ ಓದುವ ಎಷ್ಟೋ ಮನೆಗಳ ಕತೆ.

ಈಗ ಚುನಾವಣೆ ಬಂದರೆ ನೋಟು ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಅಂದು ಓಟುದಾರ ಕೊಟ್ಟು ಕಳಿಸುತ್ತಿದ್ದ, ಆದ್ದರಿಂದ ಗೆದ್ದವರನ್ನು ನಿಲ್ಲಿಸಿ ಕೇಳುವ ಅಧಿಕಾರ ಅವನಿಗಿತ್ತು. ಇಸಿದುಕೊಂಡವನಿಗೆ ಆ ಅಧಿಕಾರ ಎಲ್ಲಿಂದ ಬರಬೇಕು? ಮತದಾನದ ದಿನ ನಮ್ಮ ಶಾಲೆಯ ಕೊಠಡಿಗಳೇ ಮತಗಟ್ಟೆಗಳಾಗುತ್ತವೆ. ಇಂದು ಅದೇ ಬೆಂಚುಗಳ ಮೇಲೆ ಕುಳಿತಿರುವ ತಮ್ಮ ತಂಗಿಯರು ನಾಳೆ ಅಲ್ಲಿ ಓಟು ಹಾಕುವವರು. ಆ ದಿನ ಬರಿಗೈಯಲ್ಲಿ ಒಳಗೆ ಹೋಗಿ, ತಲೆಯೆತ್ತಿ ಹೊರಗೆ ಬನ್ನಿ ಎಂಬುದಷ್ಟೇ ಈ ಅಣ್ಣನ ಕೋರಿಕೆ. ಗೋಪಾಲಗೌಡರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.