ಸೆರೆಮನೆಯ ಬಾಗಿಲಲ್ಲಿ ಕಮಲಾ ನೆಹರೂ

ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸೆರೆಮನೆ ಸೇರಿದವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಅವರನ್ನು ಕಾಣಲೆಂದು ಸೆರೆಮನೆಯ ಬಾಗಿಲಲ್ಲಿ ಕಾದು ನಿಂತ ತಾಯಂದಿರು, ಮಡದಿಯರು, ಮಕ್ಕಳು ಯಾರ ನೆನಪಿಗೂ ಸುಲಭವಾಗಿ ಬರುವುದಿಲ್ಲ. ಜವಾಹರಲಾಲ ನೆಹರೂ ಅವರ ಪತ್ನಿ ಕಮಲಾ ಹಾಗೆ ಕಾದವರಲ್ಲಿ ಒಬ್ಬರು. ತಾವೂ ಸೆರೆಮನೆಯನ್ನು ಕಂಡವರು.

ಕಮಲಾ 1899ರಲ್ಲಿ ದೆಹಲಿಯ ಕಾಶ್ಮೀರಿ ಪಂಡಿತ ಮನೆತನವೊಂದರಲ್ಲಿ ಜನಿಸಿದರು. 1916ರ ವಸಂತ ಪಂಚಮಿಯಂದು ಜವಾಹರಲಾಲರ ಕೈಹಿಡಿದು ಅಲಹಾಬಾದಿಗೆ ಬಂದರು. ಪಾಶ್ಚಾತ್ಯ ನಡೆನುಡಿಗಳು ತುಂಬಿದ್ದ ಆ ಸಿರಿವಂತರ ಮನೆ ಹದಿನಾರರ ಸೊಸೆಗೆ ಹೊಸ ಲೋಕವೇ ಆಗಿತ್ತು. ಮರುವರ್ಷ ಮಗಳು ಇಂದಿರಾ ಹುಟ್ಟಿದಳು. 1921ರ ಡಿಸೆಂಬರ್ 6ರಂದು, ಅಸಹಕಾರ ಚಳವಳಿಯ ಕಾಲದಲ್ಲಿ, ಪೊಲೀಸರು ಮಾವ ಮೋತಿಲಾಲರನ್ನೂ ಪತಿಯನ್ನೂ ಒಂದೇ ದಿನ ಬಂಧಿಸಿದರು. ಅಂದಿನಿಂದ ಸೆರೆಮನೆಯ ದಾರಿ ಆ ಮನೆಯ ಹೆಂಗಸರಿಗೆ ಪರಿಚಿತವಾಯಿತು.

ಸೆರೆಯಾಳನ್ನು ಕಾಣುವುದು ಇಷ್ಟ ಬಂದಾಗ ಸಾಧ್ಯವಾಗುವ ಕಾರ್ಯವಲ್ಲ. ಅದಕ್ಕೆ ಅನುಮತಿ ಬೇಕು; ನಿಗದಿಯಾದ ದಿನವೇ ಹೋಗಬೇಕು; ಅಧಿಕಾರಿಯ ಎದುರಿನಲ್ಲಿ ಅಲ್ಪಕಾಲ ಮಾತನಾಡಿ ಹಿಂದಿರುಗಬೇಕು. ಪತ್ರಗಳಿಗೂ ಮಿತಿಯುಂಟು, ತನಿಖೆಯುಂಟು. ಕ್ಷಯರೋಗದಿಂದ ಬಳಲುತ್ತಿದ್ದ ಕಮಲಾ ಈ ಕಟ್ಟಳೆಗಳ ನಡುವೆಯೇ ಸಂಸಾರ ನಡೆಸಬೇಕಾಯಿತು. ಆದರೂ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅವರು ಮನೆಯಲ್ಲಿ ಕುಳಿತಿರಲಿಲ್ಲ. 1931ರ ಜನವರಿ 1ರಂದು ಅವರನ್ನೂ ಬಂಧಿಸಿ ಲಖನೌ ಸೆರೆಮನೆಗೆ ಒಯ್ದರು. ಪತಿ ಆಗ ನೈನಿಯ ಸೆರೆಯಲ್ಲಿದ್ದರು. ಮಗಳಿನ್ನೂ ಹದಿಮೂರರ ಬಾಲೆ. ಆ ತಿಂಗಳ ಕೊನೆಯಲ್ಲಿ, ಮೋತಿಲಾಲರು ಮರಣಶಯ್ಯೆಯಲ್ಲಿದ್ದಾಗ, ಇಬ್ಬರಿಗೂ ಬಿಡುಗಡೆಯಾಯಿತು.

1932ರಲ್ಲಿ ಕಮಲಾ ತಮ್ಮ ಅತ್ತೆ ಸ್ವರೂಪರಾಣಿಯವರೊಡನೆ, ಬಂಧನದಲ್ಲಿದ್ದ ಮನೆಯ ಅಳಿಯ ರಂಜಿತ ಪಂಡಿತರನ್ನು ಕಾಣಲು ಅಲಹಾಬಾದಿನ ಸೆರೆಮನೆಗೆ ಹೋದರು. ಅಲ್ಲಿನ ಜೈಲರನು ಅವರನ್ನು ಅವಮಾನಿಸಿ ಹೊರಗೆ ದಬ್ಬಿಸಿದನು. ಸರಕಾರ ದಂಡಿಸಿದ್ದು ಜೈಲರನನ್ನಲ್ಲ. ಅತ್ತೆ ಸೊಸೆಯರಿಗೇ ಒಂದು ತಿಂಗಳು ಭೇಟಿಯನ್ನು ನಿಷೇಧಿಸಿತು. ಸುದ್ದಿ ತಿಳಿದ ಜವಾಹರಲಾಲರು, ತನ್ನವರು ಇಂಥ ಅವಮಾನಕ್ಕೆ ಮತ್ತೆ ಒಳಗಾಗುವುದು ಬೇಡವೆಂದು ಭೇಟಿಗಳನ್ನೇ ತ್ಯಜಿಸಿದರು. ಡೆಹರಾಡೂನಿನ ಸೆರೆಯಲ್ಲಿ ಸುಮಾರು ಏಳು ತಿಂಗಳು ಅವರು ಮನೆಯವರ ಮುಖ ಕಾಣಲಿಲ್ಲ. ಭೇಟಿ ಮತ್ತೆ ಮೊದಲಾದಾಗ ತಂಗಿಯ ಪುಟ್ಟ ಮಗಳೊಬ್ಬಳು ಹಿಂದಿನ ರೂಢಿಯಂತೆ ಅವರ ಹೆಗಲೇರಲು ಬಂದಳು. ಅಷ್ಟು ದಿನ ಬಿಗಿಹಿಡಿದಿದ್ದ ಅವರ ಮನಸ್ಸು ಅದನ್ನು ತಾಳಲಾರದೆ ಹೋಯಿತು. ಸ್ವಾಭಿಮಾನದ ಬೆಲೆಯನ್ನು ಒಳಗಿದ್ದವರು ತೆತ್ತಷ್ಟೇ ಹೊರಗಿದ್ದವರೂ ತೆತ್ತರೆಂಬುದನ್ನು ಇಲ್ಲಿ ಮರೆಯಲಾಗದು.

1934ರ ಫೆಬ್ರವರಿಯಲ್ಲಿ ಜವಾಹರಲಾಲರಿಗೆ ಮತ್ತೆ ಎರಡು ವರ್ಷಗಳ ಶಿಕ್ಷೆಯಾಯಿತು. ಆಗಸ್ಟ್‌ನಲ್ಲಿ ಕಮಲಾ ಅವರ ಕಾಯಿಲೆ ಉಲ್ಬಣಿಸಿದ್ದರಿಂದ ಸರಕಾರ ಅವರನ್ನು ತಾತ್ಕಾಲಿಕವಾಗಿ ಬಿಟ್ಟಿತು. ಹನ್ನೊಂದು ದಿನ ಅವರು ಪತ್ನಿಯ ಹಾಸಿಗೆಯ ಬಳಿ ಕಳೆದರು; ಹನ್ನೊಂದನೆಯ ದಿನ ಪೊಲೀಸರ ವಾಹನ ಬಂದಿತು. ಆನಂದಭವನಕ್ಕೂ ನೈನಿಯ ಸೆರೆಮನೆಗೂ ನಡುವೆ ಯಮುನಾ ನದಿ ಮತ್ತು ಕೆಲವೇ ಮೈಲಿಗಳ ದಾರಿ. ಅಷ್ಟು ಸಮೀಪದಲ್ಲಿದ್ದೂ ರೋಗಿಯ ಸ್ಥಿತಿ ತಿಳಿಯದು. ಮೊದಮೊದಲು ವೈದ್ಯರ ವರದಿ ಪ್ರತಿದಿನ ಸೆರೆಮನೆಗೆ ತಲುಪುತ್ತಿತ್ತು. ಎರಡು ವಾರಗಳ ಬಳಿಕ, ಕಾಯಿಲೆ ಹೆಚ್ಚುತ್ತಿದ್ದರೂ, ಅದೂ ನಿಂತಿತು.

ಆ ದಿನಗಳಲ್ಲಿಯೇ ಮಧ್ಯಸ್ಥರ ಮೂಲಕ ಒಂದು ಸೂಚನೆ ಬಂದಿತು. ಶಿಕ್ಷೆಯ ಉಳಿದ ಅವಧಿಯಲ್ಲಿ ರಾಜಕೀಯದಿಂದ ದೂರವಿರುವುದಾಗಿ ಜವಾಹರಲಾಲರು ಬಾಯಿಮಾತಿನ ಭರವಸೆ ಇತ್ತರೂ ಸಾಕು, ಪತ್ನಿಯ ಬಳಿ ಇರಬಹುದೆಂಬುದು ಅದರ ಸಾರ. ಅವರು ತೊಳಲಾಡಿದರು. ಅಕ್ಟೋಬರ್ ತಿಂಗಳಲ್ಲಿ ಅವರನ್ನು ಕಮಲಾ ಅವರ ಬಳಿಗೆ ಸ್ವಲ್ಪ ಹೊತ್ತು ಕರೆತಂದರು. ಜ್ವರದಿಂದ ಆಕೆ ಅರೆಪ್ರಜ್ಞೆಯಲ್ಲಿದ್ದರು. ಹೊರಡುವ ಹೊತ್ತಿಗೆ ಮುಗುಳ್ನಕ್ಕು, ಪತಿಯನ್ನು ಬಾಗುವಂತೆ ಸನ್ನೆಮಾಡಿ, ಸರಕಾರಕ್ಕೆ ಅಂಥ ಭರವಸೆಯನ್ನು ಕೊಡಲೇಬಾರದೆಂದು ಪಿಸುಮಾತಿನಲ್ಲಿ ತಿಳಿಸಿದರು. ಪತಿ ಹತ್ತಿರವಿರಬೇಕೆಂದು ಆ ಹೊತ್ತಿನಲ್ಲಿ ಅವರಿಗಿಂತ ಹೆಚ್ಚಾಗಿ ಬಯಸಿದವರು ಬೇರೆ ಯಾರಿದ್ದರು?

ಬಳಿಕ ಕಮಲಾ ಅವರನ್ನು ಹಿಮಾಲಯದ ತಪ್ಪಲಿನ ಭೋವಾಲಿಯ ಆರೋಗ್ಯಧಾಮಕ್ಕೆ ಸೇರಿಸಿದರು. ಜವಾಹರಲಾಲರನ್ನು ಅದೇ ಬೆಟ್ಟಸೀಮೆಯ ಅಲ್ಮೋರಾ ಸೆರೆಮನೆಗೆ ವರ್ಗಾಯಿಸಿದರು. ಈಗ ಭೇಟಿಯ ಕ್ರಮ ತಲೆಕೆಳಗಾಯಿತು: ಸುಮಾರು ಮೂರು ವಾರಗಳಿಗೊಮ್ಮೆ ಸೆರೆಯಾಳೇ ಕಾವಲಿನೊಡನೆ ರೋಗಿಯನ್ನು ಕಾಣಲು ಬರುತ್ತಿದ್ದರು. ಉಳಿದ ದಿನಗಳಲ್ಲಿ ಅವರು ತಮ್ಮ ಆತ್ಮಕಥೆಯನ್ನು ಬರೆದು, 1935ರ ಫೆಬ್ರವರಿಯಲ್ಲಿ ಮುಗಿಸಿದರು.

1935ರ ಮೇ ತಿಂಗಳಲ್ಲಿ ಕಮಲಾ ಚಿಕಿತ್ಸೆಗಾಗಿ ಯೂರೋಪಿಗೆ ತೆರಳಿದರು. ಸೆಪ್ಟೆಂಬರ್ 4ರಂದು, ಅವಧಿಗೆ ಮೊದಲೇ ಬಿಡುಗಡೆ ಪಡೆದ ಜವಾಹರಲಾಲರು ವಿಮಾನದಲ್ಲಿ ಜರ್ಮನಿಯ ಬಾಡೆನ್‌ವೈಲರ್‌ಗೆ ಧಾವಿಸಿದರು. ಅಲ್ಲಿ ಅವರ ಭೇಟಿಗೆ ಕಾವಲಿನವರ ಕಣ್ಣಿರಲಿಲ್ಲ. ಆದರೆ ಆಯುಷ್ಯ ಉಳಿದಿರಲಿಲ್ಲ. 1936ರ ಫೆಬ್ರವರಿ 28ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ, ಪತಿ ಮತ್ತು ಮಗಳ ಎದುರಿನಲ್ಲಿ, ಕಮಲಾ ಕೊನೆಯುಸಿರೆಳೆದರು. ಚಿತಾಭಸ್ಮದೊಡನೆ ಭಾರತಕ್ಕೆ ಮರಳುವಾಗ ಜವಾಹರಲಾಲರು ಬಾಗ್ದಾದಿನಿಂದ ಲಂಡನ್ನಿನ ಪ್ರಕಾಶಕರಿಗೆ ತಂತಿ ಕಳುಹಿಸಿದರು: ಸೆರೆಮನೆಯಲ್ಲಿ ಬರೆದ ಆ ಆತ್ಮಕಥೆಯನ್ನು, ಇನ್ನಿಲ್ಲವಾದ ಕಮಲಾ ಅವರಿಗೆ ಅರ್ಪಿಸಬೇಕೆಂದು.