ಶೋಧನೆಗಳ ನಡುವೆ ಅಚಲ ವಿಶ್ವಾಸ: ಹರ್ಮನ್ ಮೋಗ್ಲಿಂಗ್ ಬದುಕಿನ ಹಾದಿ

ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯೆಂದರೆ 13ನೆಯ ಶತಮಾನದ ಶಾಂತೇಶ್ವರ ದೇವಾಲಯ ನೆನಪಾಗುತ್ತದೆ. ಅದೇ ಸೀಮೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ ಕನಕದಾಸರ ಜನ್ಮಸ್ಥಳವಾದ ಬಾಡ ಗ್ರಾಮವಿದೆ. ಕನಕದಾಸರ ‘ಹರಿಭಕ್ತಿಸಾರ’ ಭಾಮಿನಿ ಷಟ್ಪದಿಯಲ್ಲಿ ರಚಿತವಾದ, ನೂರಕ್ಕೂ ಹೆಚ್ಚು ಪದ್ಯಗಳ ಪ್ರಾರ್ಥನೆ. ಪ್ರತಿಯೊಂದು ಪದ್ಯವೂ ರಕ್ಷಣೆಯ ಮೊರೆಯೊಂದಿಗೆ ಮುಗಿಯುತ್ತದೆ. ಈ ಕೃತಿಯನ್ನು 1850ರಲ್ಲಿ ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿಸಿದವರು ಕ್ರೈಸ್ತ ಧರ್ಮವನ್ನು ಸಾರಲೆಂದು ಜರ್ಮನಿಯಿಂದ ಬಂದಿದ್ದ ಹರ್ಮನ್ ಮೋಗ್ಲಿಂಗ್. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಪ್ರತಿ ವರ್ಷ ಜುಲೈ 1ರಂದು ನಾಡು ಅವರನ್ನು ಸ್ಮರಿಸುತ್ತದೆ. ಆದರೆ ಸಾಲುಸಾಲು ಸೋಲುಗಳ ನಡುವೆಯೂ ದೇವರ ಕೃಪೆಯನ್ನು ನಂಬಿ ನಡೆದ ಅವರ ಬದುಕು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಮೋಗ್ಲಿಂಗ್ ಜನಿಸಿದ್ದು 1811ರ ಮೇ 29ರಂದು, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಓದಿದ ಅವರಿಗೆ ಸ್ವದೇಶದಲ್ಲೇ ಪಾದ್ರಿಯಾಗಿ ನೆಮ್ಮದಿಯಿಂದ ಬಾಳುವ ಅವಕಾಶವಿತ್ತು. ಅದನ್ನು ಬಿಟ್ಟು ಬಾಸೆಲ್ ಮಿಷನ್ ಸೇರಿ, 1836ರಲ್ಲಿ ಭಾರತಕ್ಕೆ ಬಂದರು. ವಿಶ್ವಾಸಿಗೆ ಕಷ್ಟಗಳು ಬರುವುದು ಆತನನ್ನು ಶೋಧಿಸಲೆಂದೇ; ಬಿಡುಗಡೆಯ ಕಾಲವನ್ನೂ ಬಗೆಯನ್ನೂ ನಿರ್ಧರಿಸುವವನು ದೇವರು ಎಂಬುದು ಅವರು ಬೆಳೆದ ಭಕ್ತಿಪಂಥದ ಮೂಲ ನಂಬಿಕೆ. ಆ ನಂಬಿಕೆಯ ಪರೀಕ್ಷೆಗೆ ಹೆಚ್ಚು ದಿನ ಹಿಡಿಯಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಧಾರವಾಡ ಸೀಮೆಯಲ್ಲಿಯೇ. 1840ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಕಾಲಜ್ಞಾನದ ವಚನಗಳನ್ನು ನಂಬಿದ್ದ ಜನರು ಮಿಷನರಿಗಳನ್ನು ಹುಡುಕಿಕೊಂಡು ಬಂದರು. ವಚನಗಳು ಸಾರಿದ ಹೊಸ ಕಾಲ ಇವರಿಂದಲೇ ಬರಲಿದೆಯೆಂಬುದು ಅವರ ಎಣಿಕೆ. ಊರಿಗೆ ಊರೇ ಕ್ರಿಸ್ತನ ಕಡೆಗೆ ತಿರುಗುವ ದಿನ ಬಂದಿತೆಂದು ಮೋಗ್ಲಿಂಗ್ ಹಿಗ್ಗಿದರು. ಈ ನಿರೀಕ್ಷೆಯ ಮೇಲೆಯೇ ಗದಗಿನ ಬಳಿಯ ಮಲಸಮುದ್ರದಲ್ಲಿ ಕೃಷಿಕರ ವಸಾಹತೊಂದು ತಲೆಯೆತ್ತಿತು. ಆದರೆ ಬಂದವರ ಆಸೆಗಳು ಬೇರೆಯಾಗಿದ್ದವು. ಜನ ಚದುರಿದರು, ಕೆಲವೇ ವರ್ಷಗಳಲ್ಲಿ ವಸಾಹತು ಮುಚ್ಚಿತು. ಈ ಯೋಜನೆಗೆ ಸುರಿದ ಉತ್ಸಾಹಕ್ಕಾಗಿ ಮೋಗ್ಲಿಂಗ್ ಸಹೋದ್ಯೋಗಿಗಳ ಟೀಕೆಯನ್ನೂ ಎದುರಿಸಬೇಕಾಯಿತು.

1843ರ ಜುಲೈ 1ರಂದು ಅವರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ನಾಲ್ಕು ಪುಟಗಳ, ಕಲ್ಲಚ್ಚಿನ ಪಾಕ್ಷಿಕವದು. ಊರ ಸುದ್ದಿ, ಸರಕಾರದ ಕಾನೂನು, ಪರದೇಶದ ವೃತ್ತಾಂತ, ನೀತಿಕಥೆಗಳೆಲ್ಲ ಅದರಲ್ಲಿ ಇರುತ್ತಿದ್ದವು. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವಾಯಿತು, ಅಲ್ಲಿಯೂ ಅದು ಬಹುಕಾಲ ಉಳಿಯಲಿಲ್ಲ. ಇಂದು ಕನ್ನಡ ಪತ್ರಿಕೋದ್ಯಮದ ಆದಿಯೆಂದು ಗೌರವಿಸುವ ಕಾರ್ಯವು ಅಂದು ಮೋಗ್ಲಿಂಗ್ ಅವರ ಕಣ್ಣೆದುರಿನಲ್ಲಿ ಇನ್ನೊಂದು ಅಪೂರ್ಣ ಪ್ರಯತ್ನವಾಗಿ ಮುಗಿದಿತ್ತು.

ಅದೇ 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಯುವಕರು ದೀಕ್ಷಾಸ್ನಾನ ಪಡೆದರು. ಪಟ್ಟಣ ಅಲ್ಲೋಲಕಲ್ಲೋಲವಾಯಿತು. ಮಕ್ಕಳನ್ನು ಕಳೆದುಕೊಂಡೆವೆಂಬ ಮನೆಯವರ ದುಃಖ ಸುಳ್ಳಾಗಿರಲಿಲ್ಲ. ಯುವಕರು ತೆತ್ತ ಬೆಲೆಯೂ ಸಣ್ಣದಾಗಿರಲಿಲ್ಲ. ಕೌಂಡಿನ್ಯರು ಮನೆಯನ್ನೂ ಬಂಧುಬಳಗವನ್ನೂ ಕಳೆದುಕೊಂಡರು. ಅವರ ಪತ್ನಿ ಅವರೊಡನೆ ಬರಲಿಲ್ಲ. ಮೋಗ್ಲಿಂಗ್ ಆ ತರುಣನನ್ನು ಮಗನಂತೆ ಕಂಡರು, ಬಾಸೆಲ್ಲಿಗೆ ಕರೆದೊಯ್ದರು. 1851ರಲ್ಲಿ ಕೌಂಡಿನ್ಯರು ಅಭಿಷಿಕ್ತ ಬೋಧಕರಾಗಿ ಮಂಗಳೂರಿಗೆ ಹಿಂದಿರುಗಿದರು.

ಈ ನಡುವೆ ಮೋಗ್ಲಿಂಗ್ ಬಲ್ಮಠದ ಶಾಲೆಯಲ್ಲಿ ಉಪದೇಶಕರನ್ನು ತರಬೇತುಗೊಳಿಸುತ್ತಿದ್ದರು. ಕಾಸಾಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ ಹಳೆಯ ಕನ್ನಡ ಕೃತಿಗಳ ಮುದ್ರಣಕ್ಕೂ ಕೈಹಾಕಿದರು. ಕೆಲಸ ಮುಗಿಯುವ ಮೊದಲೇ ದಾನಿ ತೀರಿಕೊಂಡರು. ಆದರೂ ‘ಬಿಬ್ಲಿಯೋತೆಕಾ ಕರ್ನಾಟಿಕಾ’ ಮಾಲೆ ನಿಲ್ಲಲಿಲ್ಲ. 1848ರಿಂದ 1853ರವರೆಗೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವು ಬೆಳಕು ಕಂಡವು. ಹರಿಭಕ್ತಿಸಾರ ಹೊರಬಂದದ್ದು ಈ ಹೊತ್ತಿನಲ್ಲಿಯೇ. ಕನಕದಾಸರು ಮೊರೆಯಿಟ್ಟದ್ದು ಕಾಗಿನೆಲೆಯ ಆದಿಕೇಶವನಿಗೆ. ಮೋಗ್ಲಿಂಗ್ ಮೊರೆಯಿಡುತ್ತಿದ್ದುದು ಕ್ರಿಸ್ತನಿಗೆ. ಈ ಅಂತರವನ್ನು ಅವರು ಮರೆಯಲೂ ಇಲ್ಲ, ಮರೆಮಾಚಲೂ ಇಲ್ಲ. ಆದರೂ ಸ್ವಂತ ಬಲವನ್ನು ನೆಚ್ಚದೆ ದೇವರ ಕಾಪಿಗೆ ಕಾದು ನಿಲ್ಲುವ ಭಕ್ತನ ದನಿಯನ್ನು ಒಬ್ಬೊಬ್ಬ ಓದುಗನ ಕೈಗೂ ತಲಪಿಸಿದರು.

1852ರ ಹೊತ್ತಿಗೆ ದಣಿದ ದೇಹ ಮತ್ತು ಮನಸ್ಸಿನೊಂದಿಗೆ ಅವರು ಸ್ವದೇಶಕ್ಕೆ ಮರಳಲು ಸಿದ್ಧರಾಗಿದ್ದರು. ಆಗಲೇ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯನೆಂಬ ಸಂನ್ಯಾಸಿ ಅವರನ್ನು ಅರಸಿ ಬಂದನು. ಈ ಭೇಟಿಯನ್ನು ದೇವರ ಕರೆಯೆಂದೇ ತಿಳಿದ ಮೋಗ್ಲಿಂಗ್ ಪ್ರಯಾಣವನ್ನು ಕೈಬಿಟ್ಟು 1853ರಲ್ಲಿ ಕೊಡಗಿಗೆ ಹೊರಟರು. ಆರಂಭದ ವರ್ಷಗಳಲ್ಲಿ ಮಿತ್ರರ ನೆರವೇ ಅವರಿಗೆ ಆಧಾರ. ಸೋಮಯ್ಯ ಸ್ವಜನರ ವಿರೋಧವನ್ನು ಎದುರಿಸಬೇಕಾಯಿತು. ಮುಂದೆ ಹೊಲೆಯರ ಕುಟುಂಬಗಳು ಸಭೆಯನ್ನು ಸೇರಿದವು. ತಲೆಮಾರುಗಳಿಂದ ಜೀತದಲ್ಲಿ ಬೆಂದವರಿಗೆ ಕೌಂಡಿನ್ಯರ ಹೆಸರಿನ ಆನಂದಪುರ ನೆಲೆಯಾಯಿತು. ಮನೆಯಿಂದ ಹೊರಬಿದ್ದ ಕೌಂಡಿನ್ಯರು ಬೇರೆಯವರಿಗೆ ಆಸರೆಯಾದರು.

ಮೋಗ್ಲಿಂಗ್ ಅವರ ಶೋಧನೆಗಳು ಅಲ್ಲಿಗೇ ಮುಗಿಯಲಿಲ್ಲ. ಬಂಧುವೂ ಕನ್ನಡ ಬೈಬಲ್ ಪರಿಷ್ಕರಣೆಯಲ್ಲಿ ತೊಡಗಿದ್ದ ವಿದ್ವಾಂಸರೂ ಆದ ಗಾಟ್‌ಫ್ರೀಡ್ ವೀಗ್ಲೆ 1855ರಲ್ಲಿ ನಿಧನರಾದರು. ಅವರ ವಿಧವೆ ಪೌಲೀನಾರನ್ನು ಮೋಗ್ಲಿಂಗ್ ಮುಂದೆ ವಿವಾಹವಾದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆದರೆ ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಭಾರತವನ್ನು ಬಿಡಲೇಬೇಕಾಯಿತು. ಮತ್ತೆ ಬರಲಾಗಲಿಲ್ಲ.

ಜರ್ಮನಿಯಲ್ಲಿದ್ದುಕೊಂಡೇ ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರ ಮೇ 10ರಂದು, ಎಪ್ಪತ್ತು ತುಂಬಲು 19 ದಿನ ಉಳಿದಿರುವಾಗ, ಎಸ್ಲಿಂಗನ್ ಪಟ್ಟಣದಲ್ಲಿ ನಿಧನರಾದರು.

ಅವರು ಬೇಡಿದ ಫಲ ಬಹುಮಟ್ಟಿಗೆ ಅವರಿಗೆ ದೊರೆಯಲಿಲ್ಲ. ಸಂಕಟ ತಪ್ಪಿದರೆ ಮಾತ್ರ ದೇವರು ಒಲಿದನೆಂದು ಎಣಿಸುವವರಿಗೆ ಈ ಬದುಕು ನಿರಾಶೆಯ ಕಥೆಯಂತೆ ತೋರಬಹುದು. ಆದರೆ ಮುಚ್ಚಿದ ಪ್ರತಿಯೊಂದು ಬಾಗಿಲ ಮುಂದೆಯೂ ಅವರು ಕೈಕಟ್ಟಿ ಕೂರದೆ, ಎದುರಿಗಿದ್ದ ಮುಂದಿನ ಕೆಲಸವನ್ನು ಕೈಗೆತ್ತಿಕೊಂಡರು. ಬಾಡದ ಕನಕದಾಸರ ಮೊರೆಯನ್ನು ಕಲ್ಲಚ್ಚಿನಲ್ಲಿ ಮೂಡಿಸಿದ್ದೂ ಅಂತಹ ಒಂದು ಕೆಲಸವೇ. ಬಲ್ಮಠದಲ್ಲಿ ಅವರು ನಡೆಸಿದ ಶಿಕ್ಷಣ ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮುಂದುವರಿದಿದೆ.